ಎಲೆಯೊಳಗೆ ಬೆಳೆಯುವ ಲಸಿಕೆ

ತೀರ್ಥಹಳ್ಳಿಯ ಚಿಕ್ಕಮ್ಮನ ಮನೆಗೆ ಬೇಸಿಗೆ ರಜೆಯಲ್ಲಿ ಹೋದರೆ ಕಾಫಿಗಿಂತ ಮೊದಲು ಡೆಪಾ ಎಣ್ಣೆಯ ಬಾಟಲಿ ಕೈಗೆ ಬರುತ್ತದೆ. “ಕಾಡಂಚಿಗೆ ಹೋಗುವುದಾದರೆ ಕೈಕಾಲಿಗೆ ಹಚ್ಚಿಕೋ ಮಗಳೇ, ಉಣುಗು ಹತ್ತುತ್ತದೆ” ಎನ್ನುತ್ತಾರೆ. ದಾವಣಗೆರೆಯ ಬಯಲಿನಲ್ಲಿ ಬೆಳೆದ ನನಗೆ ಮಂಗನ ಕಾಯಿಲೆ ಪಠ್ಯದ ಒಂದು ಸಾಲಾಗಿತ್ತು. ಅವರಿಗೆ ಅದು ತರಗೆಲೆ ಗುಡಿಸಲು ಹೋದಾಗಲೆಲ್ಲ ಜೊತೆಗೆ ಬರುವ ಭಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ವೈರಸ್ ರೋಗ ಇದು. ಚಿಕ್ಕಮ್ಮ ಹಳೆಯ ಲಸಿಕೆಯನ್ನೂ ಅದರ ಬೂಸ್ಟರ್‌ಗಳನ್ನೂ ತಪ್ಪದೆ ಹಾಕಿಸಿಕೊಂಡವರು. ಅದರ ರಕ್ಷಣೆ ಸಾಲದೆಂದು ಕಂಡುಬಂದು 2022ರಲ್ಲಿ ಬಳಕೆಯೇ ನಿಂತಿತು.

ನಾನು ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಗಿಡದಲ್ಲಿ ಲಸಿಕೆ ತಯಾರಿಸಬಹುದು ಎಂದಾಗ ಹಿರಿಯ ಸಹೋದ್ಯೋಗಿಯೊಬ್ಬರು, “ಅಮೃತಬಳ್ಳಿ ಕಷಾಯ ಇದೆಯಲ್ಲ ಮೇಡಂ, ಇನ್ನೇನು ಬೇಕು?” ಎಂದರು. ಅವರ ಮೇಲೆ ನನಗೆ ಗೌರವವಿದೆ, ಆದರೆ ಈ ಗೊಂದಲ ಬಗೆಹರಿಯಲೇಬೇಕು.

ಈ ವಿಧಾನದಲ್ಲಿ ಎಲೆಗೆ ಸ್ವಂತದ ಔಷಧೀಯ ಗುಣ ಬೇಕಿಲ್ಲ. ಹೊಗೆಸೊಪ್ಪಿನ ದಾಯಾದಿಯಾದ, ಆಸ್ಟ್ರೇಲಿಯಾ ಮೂಲದ ನಿಕೋಟಿಯಾನಾ ಬೆಂಥಾಮಿಯಾನಾ ಎಂಬ ಗಿಡವನ್ನು ಹೆಚ್ಚಾಗಿ ಬಳಸುತ್ತಾರೆ. ವೈರಸ್ಸಿನ ಹೊರಮೈ ಪ್ರೋಟೀನಿನ ವಂಶವಾಹಿಯನ್ನು ಆಗ್ರೋಬ್ಯಾಕ್ಟೀರಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಸೇರಿಸುತ್ತಾರೆ. ತನ್ನ ವಂಶವಾಹಿಯನ್ನು ಗಿಡದ ಕೋಶಕ್ಕೆ ತೂರಿಸಿ ಗಂಟು ಬರಿಸುವುದು ಅದರ ಹುಟ್ಟುಗುಣ; ಆ ಗುಣವನ್ನೇ ಇಲ್ಲಿ ದುಡಿಸಿಕೊಳ್ಳುತ್ತಾರೆ. ಗಿಡವನ್ನು ತಲೆಕೆಳಗಾಗಿ ಬ್ಯಾಕ್ಟೀರಿಯಾದ ದ್ರಾವಣದಲ್ಲಿ ಅದ್ದಿ, ಪಾತ್ರೆಯ ಗಾಳಿಯನ್ನು ಹೊರಗೆಳೆದು ಮತ್ತೆ ಬಿಟ್ಟರೆ ದ್ರಾವಣ ಎಲೆಯೊಳಗೆ ಇಳಿಯುತ್ತದೆ. ಕೆಲವೇ ದಿನಗಳಲ್ಲಿ ಎಲೆಯ ಕೋಶಗಳು ಆ ಪ್ರೋಟೀನನ್ನು ತಯಾರಿಸತೊಡಗುತ್ತವೆ. ಆಮೇಲೆ ಎಲೆ ಕೊಯ್ದು, ಅರೆದು, ಸೋಸಿ, ಪ್ರೋಟೀನನ್ನು ಶುದ್ಧಗೊಳಿಸುತ್ತಾರೆ; ವೈರಸ್ಸನ್ನು ಗುರುತಿಸಲು ದೇಹಕ್ಕೆ ಕಲಿಸುವ ಲಸಿಕೆಯ ತಿರುಳು ಅದೇ. ಬೀಜಕ್ಕೆ ಈ ಬದಲಾವಣೆ ದಾಟುವುದಿಲ್ಲ. ಪಲಾವಿನ ಚಕ್ರಮೊಗ್ಗಿನಿಂದ ತೆಗೆದ ಶಿಕಿಮಿಕ್ ಆಮ್ಲದಿಂದ ಟ್ಯಾಮಿಫ್ಲೂ ಎಂಬ ಫ್ಲೂ ಔಷಧಿ ತಯಾರಿಸಿದ್ದೂ ಹೌದು, ಆದರೆ ಅದು ಬೇರೆ ದಾರಿ. ಪಲಾವು ತಿಂದರೆ ಫ್ಲೂ ಹೋಗುವುದಿಲ್ಲ.

ಇದು ಕನಸಿನ ಮಾತಲ್ಲ. ಕ್ಯಾರೆಟ್ ಕೋಶಗಳಲ್ಲಿ ತಯಾರಿಸಿದ, ಗೋಶೆ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಔಷಧಿಗೆ ಅಮೆರಿಕ 2012ರಲ್ಲೇ ಒಪ್ಪಿಗೆ ಕೊಟ್ಟಿತು. 2014ರಲ್ಲಿ ಎಬೋಲಾ ರೋಗಿಗಳಿಗೆ ಕೊಟ್ಟ ಔಷಧಿ ಝಡ್‌ಮ್ಯಾಪ್ ಕೂಡ ಇದೇ ಬೆಂಥಾಮಿಯಾನಾ ಎಲೆಗಳಲ್ಲಿ ತಯಾರಾದದ್ದು. 2022ರ ಫೆಬ್ರವರಿಯಲ್ಲಿ ಕೆನಡಾ, ಮೆಡಿಕಾಗೊ ಕಂಪನಿಯ ಕೋವಿಫೆಂಜ್ ಎಂಬ ಕೋವಿಡ್ ಲಸಿಕೆಗೆ ಅನುಮತಿ ನೀಡಿತು. ಮುಂದಿನದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಕಂಪನಿಯಲ್ಲಿ ಸಿಗರೇಟು ತಯಾರಕರ ಪಾಲಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಆ ಲಸಿಕೆಯನ್ನು ಒಪ್ಪಲಿಲ್ಲ. ತಂಬಾಕಿನ ದುಡ್ಡಿನಿಂದ ದೂರವಿರುವ ಅವರ ನಿಲುವು ಸರಿ ಎಂದೇ ನನ್ನ ಭಾವನೆ. ಮರುವರ್ಷ ಮಾತೃಸಂಸ್ಥೆ ಮೆಡಿಕಾಗೊವನ್ನೇ ಮುಚ್ಚಲು ನಿರ್ಧರಿಸಿತು. ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಪರಿಶ್ರಮ ಒಬ್ಬ ಮಾಲೀಕನ ಲೆಕ್ಕಪುಸ್ತಕಕ್ಕೆ ಬಲಿಯಾಯಿತು.

ಆದ್ದರಿಂದಲೇ ಇಂತಹ ಕೆಲಸ ಸಾರ್ವಜನಿಕ ಹಣದಲ್ಲಿ ನಡೆಯಬೇಕು ಎನ್ನುತ್ತೇನೆ. ಮಂಗನ ಕಾಯಿಲೆಯ ಲಸಿಕೆ ಬೇಕಿರುವುದು ಪಶ್ಚಿಮ ಘಟ್ಟದ ಕಾಡಂಚಿನ ಕೂಲಿಕಾರರಿಗೆ, ಸಣ್ಣ ರೈತರಿಗೆ. ದೊಡ್ಡ ಲಾಭ ನೋಡುವವರು ಅಷ್ಟು ಸಣ್ಣ ಬೇಡಿಕೆಗೆ ಬರುವುದಿಲ್ಲ. ಗಿಡದ ವಿಧಾನದಲ್ಲಾದರೆ ಎಷ್ಟು ಬೇಕೋ ಅಷ್ಟೇ ಗಿಡ ಬೆಳೆಸಬಹುದು. ಶುದ್ಧೀಕರಣದ ಖರ್ಚಾಗಲಿ, ವರ್ಷಗಟ್ಟಲೆಯ ಪರೀಕ್ಷೆಗಳಾಗಲಿ ಇದರಿಂದ ತಪ್ಪುವುದಿಲ್ಲ, ನಿಜ. ಆದರೆ ಇದೇ ಕುಟುಂಬದ ಡೆಂಗಿ, ಝಿಕಾ ವೈರಸ್ಸುಗಳ ಪ್ರೋಟೀನುಗಳನ್ನು ಪ್ರಯೋಗಾಲಯಗಳಲ್ಲಿ ಎಲೆಗಳಿಂದ ತೆಗೆದಾಗಿದೆ.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, 1,500 ಎಕರೆ. ಶಿಕ್ಷಕರ ತರಬೇತಿಗೆಂದು ಅಲ್ಲಿಗೆ ಹೋಗಿ ಬಂದಿದ್ದೇನೆ. ದನ ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ನೆಲ ಅದು. ಅಲ್ಲಿ ಒಂದು ಹಸಿರುಮನೆ, ಒಂದು ಪ್ರಯೋಗಾಲಯ, ಮಂಗನ ಕಾಯಿಲೆಯನ್ನೇ ಗುರಿಯಾಗಿಟ್ಟುಕೊಂಡ ಒಂದು ತಂಡ ಬೇಕೆಂದು ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳ ಜನಪ್ರತಿನಿಧಿಗಳಿಗೆ ಪತ್ರ ಬರೆದಿದ್ದೇನೆ. ನೀವೂ ಬರೆಯುವುದಾದರೆ ನನ್ನ ಪತ್ರದ ಪ್ರತಿ ಕಳುಹಿಸುತ್ತೇನೆ, ಕೇಳಿ.