ಅಳಿಸಿದ ಪೆನ್ಸಿಲ್ ಗುರುತು

2024ರ ಮಾರ್ಚ್ ಮೊದಲ ವಾರ ಏಡನ್ ಕೊಲ್ಲಿಯಲ್ಲಿ ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಯೆಮೆನ್‌ನ ಹೂತಿ ಬಂಡುಕೋರರ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತ ಕೆಲವೇ ದಿನಗಳಲ್ಲಿ, ನಮ್ಮದೊಂದು ಹಡಗನ್ನು ಅದೇ ಕೆಂಪು ಸಮುದ್ರದ ದಾರಿಯಲ್ಲಿ ಕಳಿಸಬೇಕೇ ಎಂದು ಹ್ಯಾಂಬರ್ಗ್‌ನ ನಮ್ಮ ಹಡಗು ಕಂಪನಿಯಲ್ಲಿ ತುರ್ತು ಸಭೆ ಸೇರಿತು. ಅದನ್ನು ಬಿಟ್ಟು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿದರೆ ಹೆಚ್ಚಾಗುವ ಹತ್ತು–ಹದಿನಾಲ್ಕು ದಿನಗಳ ಖರ್ಚು, ಕೆಂಪು ಸಮುದ್ರದ ದಾರಿಗೆ ಏರಿದ ವಿಮೆಯ ದರ ಎಲ್ಲವನ್ನೂ ಲೆಕ್ಕ ಹಾಕಿಕೊಂಡು ನಾನು ಕುಳಿತಿದ್ದೆ. ಸಿಬ್ಬಂದಿ ವಿಭಾಗದ ಮುಖ್ಯಸ್ಥೆ ಮೊದಲು ಕೇಳಿದ್ದು, ಹಡಗಿನ ಇಪ್ಪತ್ತೊಂದು ಮಂದಿಯ ಒಪ್ಪಿಗೆಯನ್ನೂ ಕ್ಯಾಪ್ಟನ್ ಎದುರಿಗಿಲ್ಲದಾಗ ಒಬ್ಬೊಬ್ಬರಿಂದಲೇ ಕೇಳಿದ್ದೀರಾ ಎಂದು. ಹನ್ನೊಂದು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಂತೋಷವಾದ ಸಭೆ ಇನ್ನೊಂದಿಲ್ಲ.

ನಾವಿಕರ ಸಂಘಟನೆಗಳೂ ಮಾಲೀಕರೂ ಮಾಡಿಕೊಂಡ ಒಪ್ಪಂದದಂತೆ, ಯುದ್ಧವಲಯಕ್ಕೆ ಬರುವುದಿಲ್ಲವೆಂದವನನ್ನು ಕಂಪನಿ ತನ್ನ ಖರ್ಚಿನಲ್ಲಿ ಊರಿಗೆ ಕಳಿಸಿ ಎರಡು ತಿಂಗಳ ಮೂಲ ವೇತನ ಕೊಡಬೇಕು. 2023ರ ನವೆಂಬರ್‌ನಲ್ಲಿ ಗಾಜಾದ ಯುದ್ಧದ ಹೆಸರು ಹೇಳಿ ಹೂತಿಗಳು ಸೆರೆಹಿಡಿದ ‘ಗ್ಯಾಲಕ್ಸಿ ಲೀಡರ್’ ಹಡಗಿನ 25 ಮಂದಿಗೂ ಆ ಯುದ್ಧಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅವರು ಮನೆ ಸೇರಲು 2025ರ ಜನವರಿಯವರೆಗೆ ಕಾಯಬೇಕಾಯಿತು. ಅಂಥ ದಾರಿಗೆ ಮನುಷ್ಯನನ್ನು ಕಳಿಸುವಾಗ ಕೇಳುವುದು ಕನಿಷ್ಠ ಧರ್ಮ.

ಒಪ್ಪಿಗೆ ಪತ್ರಗಳು ಬಂದವು. ಇಬ್ಬರು ಬೇಡವೆಂದರು, ಅವರನ್ನು ಕೊಲಂಬೊದಲ್ಲಿ ಇಳಿಸಿದೆವು. ಬೈಂದೂರು ಕಡೆಯ ಹುಡುಗನೊಬ್ಬನ ಪತ್ರದಲ್ಲಿ ‘ಒಪ್ಪಿಗೆಯಿದೆ’ ಎಂಬಲ್ಲಿ ಶಾಯಿಯ ಗುರುತಿತ್ತು. ‘ಒಪ್ಪಿಗೆಯಿಲ್ಲ’ ಎಂಬಲ್ಲಿ ಪೆನ್ಸಿಲಿನಲ್ಲಿ ಗೀಚಿ ಅಳಿಸಿದ ಕಲೆ. ನಾನೇ ಫೋನ್ ಮಾಡಿದೆ. “ಇಲ್ಲ ಅಂದ್ರೆ ಮುಂದಿನ ಕಾಂಟ್ರ್ಯಾಕ್ಟ್ ಸಿಕ್ಕುದಿಲ್ಲ ಅಂತ ಏಜೆಂಟ್ರು ಹೇಳಿದ್ರು ಅಣ್ಣ” ಎಂದ. ನನ್ನ ಹೆಸರಿಗೇ ಬೇರೆ ಪತ್ರ ಕಳಿಸು ಎಂದರೂ ಒಪ್ಪಲಿಲ್ಲ.

ನಮ್ಮೂರಿನ ಈ ಅಭ್ಯಾಸ ನನಗೆ ಸಹಿಸಲಾಗುವುದಿಲ್ಲ. ‘ಏನೂ ಆಗೂದಿಲ್ಲ, ಹೊಂದಿಕೊಂಡು ಹೋಗು’ ಎಂಬ ಮಾತನ್ನು ನಾವು ಧೈರ್ಯ ಹೇಳುವ ಮಾತೆಂದೇ ತಿಳಿದಿದ್ದೇವೆ, ಆದರೆ ಸಂಬಳ ಕೊಡುವವನು ಕೆಲಸಕ್ಕಿರುವವನಿಗೆ ಅದನ್ನು ಹೇಳಿದಾಗ ಅದು ಬೆದರಿಕೆಯೇ. ಯುದ್ಧ ಬರುವ ಮೊದಲೇ, ಬೇಡವೆಂದವನ ಹೊಟ್ಟೆಪಾಡಿಗೆ ಕುಂದು ಬಾರದಂತೆ ಬರೆದಿಡದ ಕಂಪನಿ ಎಷ್ಟು ಕಡತ ತಯಾರಿಸಿದರೂ ಸಂಕಟಕ್ಕೆ ಸಿದ್ಧವಾಗಿಲ್ಲ ಎಂದೇ ನನ್ನ ಎಣಿಕೆ.

ಆದರೂ ಬೇಡವೆನ್ನಬಹುದೆಂಬ ಇಲ್ಲಿಯ ನಿಯಮ ಮಾಲೀಕರ ಕರುಣೆಯಿಂದ ಹುಟ್ಟಿದ್ದಲ್ಲ, ಸಂಘಟನೆಗಳು ಹಟ ಹಿಡಿದು ಪಡೆದದ್ದು. ಇಳಿದ ಆ ಇಬ್ಬರ ಜಾಗಕ್ಕೆ ಹೆಚ್ಚು ಸಾಲವಿದ್ದ ಇಬ್ಬರು ಹತ್ತಿದರು. ಎಲ್ಲರೂ ಒಪ್ಪಿದರೂ ಆ ಹಡಗನ್ನು ಆ ದಾರಿಯಲ್ಲಿ ಕಳಿಸಬಾರದಿತ್ತು ಎಂದು ಸಭೆಯಲ್ಲಿ ನಾನು ಹೇಳಬೇಕಿತ್ತು, ಹೇಳಲಿಲ್ಲ.

ಇನ್ನೊಂದನ್ನೂ ಹೇಳದೆ ಇರಲಾರೆ. ಬಾಬ್ ಎಲ್ ಮಂದೆಬ್ ಜಲಸಂಧಿಯ ಹತ್ತಿರ ಕ್ಯಾಪ್ಟನ್ ಹಡಗಿನ ಗುರುತು, ಜಾಗ ಹೇಳುವ ಯಂತ್ರವನ್ನು ನಿಲ್ಲಿಸಿದರು. ಬೈಂದೂರಿನಲ್ಲಿ ಮೊಬೈಲಿನ ನಕ್ಷೆಯ ಮೇಲೆ ಮಗನ ಹಡಗಿನ ಚುಕ್ಕಿಯನ್ನೇ ನೋಡುತ್ತಿದ್ದ ತಾಯಿಗೆ ಅದು ಇದ್ದಕ್ಕಿದ್ದಂತೆ ಕಾಣದಾಯಿತು. ಮನೆಯವರಿಗೆಂದು ನಾವು ಕಳಿಸಿದ್ದು ಇಂಗ್ಲಿಷಿನ ಒಂದು ಇಮೇಲ್. ಅದೇ ಏಜೆಂಟರು ರಾತ್ರಿ ಬೈಕಿನಲ್ಲಿ ಹೋಗಿ, ಮಾರಣಕಟ್ಟೆಗೆ ತಾನೇ ಹರಕೆ ಹೇಳಿಕೊಂಡು, ಮರುದಿನ ಹುಡುಗನ ಫೋನ್ ಬರುವ ತನಕ ಆ ಮನೆಯ ಜಗಲಿಯ ಮೇಲೆ ಕುಳಿತಿದ್ದರಂತೆ.