ಮಡಿ, ಮಡಿಕೆ
ಚೌತಿಗೆ ನಮ್ಮ ಸಿರ್ಸಿ ಕಡೆ ಗಣಪತಿಯ ಮೇಲೆ ಫಲಾವಳಿ ಕಟ್ಟುತ್ತಾರೆ. ತೆಂಗಿನಕಾಯಿ, ಸಿಂಗಾರ, ಮೊಗೆಕಾಯಿ, ಹಾಗಲಕಾಯಿ, ಕಾಡಿನಿಂದ ತಂದ ಯಾವ್ಯಾವುದೋ ಕಾಯಿ, ಎಲ್ಲ ಸಾಲಾಗಿ ನೇತಾಡುತ್ತವೆ. ಹೋದ ವರ್ಷ ಅದರ ನಡುವೆ ನಾಲ್ಕು ಕಾಗದದ ಸ್ಟ್ರಾಬೆರಿಯೂ ಇರಲಿ ಅಂತ ನನಗೆ ಅನಿಸಿತು. ಈ ಬುದ್ಧಿ ಯಾಕೆ ಬಂತೋ! ನಮ್ಮ ತೋಟ ಸ್ಟ್ರಾಬೆರಿಯ ಮುಖ ಕಂಡಿದ್ದೇ ಇಲ್ಲ.

ಜಪಾನಿ ಭಾಷೆಯಲ್ಲಿ ಓರಿ ಅಂದರೆ ಮಡಚುವುದು, ಕಾಮಿ ಅಂದರೆ ಕಾಗದ. ಒರಿಗಾಮಿಗೆ ಕತ್ತರಿ ಬೇಡ, ಅಂಟು ಬೇಡ, ಒಂದು ಚೌಕ ಹಾಳೆ ಸಾಕು. ಆದರೆ ಅಂಗಡಿಯಲ್ಲಿ ಸಿಕ್ಕ ಕೆಂಪು ಎ4 ಹಾಳೆ ಉದ್ದ 297, ಅಗಲ 210 ಮಿ.ಮೀ. ಹಾಗಾಗಿ ಕತ್ತರಿ ಬೇಡದ ಕಲೆ ಕತ್ತರಿಯಿಂದಲೇ ಶುರುವಾಯಿತು. ಚೌಕ ಮಾಡಿ, ಅದನ್ನೇ ನಾಲ್ಕು ಮಾಡಿದೆ. ಮಿಕ್ಕ ಪಟ್ಟಿಯ ಮೇಲೆ ಆಯಿ ದಿನಸಿ ಚೀಟಿ ಬರೆದಳು. ಇಡೀ ಕೆಲಸದಲ್ಲಿ ಉಪಯೋಗಕ್ಕೆ ಬಂದಿದ್ದು ಅದೊಂದೇ.

ಮಡಚುವುದು ಹೇಗೆಂದು ತೋರಿಸುವ ಚಿತ್ರದಲ್ಲಿ ತುಂಡು ಗೆರೆ ಇದ್ದರೆ ಕಣಿವೆ ಮಡಿಕೆ, ಗೆರೆಯ ನಡುವೆ ಚುಕ್ಕಿ ಇದ್ದರೆ ಬೆಟ್ಟದ ಮಡಿಕೆ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗಿಬರುವವಳಿಗೆ ಬೆಟ್ಟ, ಕಣಿವೆ ಹೊಸದಾ? ಐದನೇ ಮಡಿಕೆಗೆ ದಾರಿ ತಪ್ಪಿತು. ಕೊನೆಗೆ ತುದಿಯ ತೂತಿಗೆ ಬಾಯಿಟ್ಟು ಊದಿದರೆ ಹಣ್ಣು ಉಬ್ಬಬೇಕು. ಉಬ್ಬಿದ್ದು ನನ್ನ ಕೆನ್ನೆ.

ಆಚೆ ಆಯಿ ಮಡಿಯಲ್ಲಿ ಕೈಚಕ್ಕುಲಿ ಸುತ್ತುತ್ತಿದ್ದಳು. ಚಿತ್ರ ಇಲ್ಲ, ಗೆರೆ ಇಲ್ಲ. ಹಿಟ್ಟಿನ ಎಳೆ ಹೊಸೆದು ಸುತ್ತಿದರೆ ಒಂದರಂತೆ ಇನ್ನೊಂದು. ದೂರದಿಂದಲೇ ಕೇಳಿದಳು, "ಅದೆಂತ ಹಣ್ಣೇ, ಮುರುಗಲಾ?" ಮುರುಗಲು ಅಂದರೆ ಕೋಕಂ, ನಮ್ಮ ಕಡೆಯ ಕೆಂಪು ಹುಳಿ ಹಣ್ಣು.

"ಸ್ಟ್ರಾಬೆರಿ, ಆಯಿ."

"ಅಡ್ಡಿಲ್ಲೆ." ನಮ್ಮಲ್ಲಿ ಈ ಮಾತಿಗೆ 'ಚೆನ್ನಾಗಿಲ್ಲ, ಆದರೆ ಹಬ್ಬದ ಹೊತ್ತಿಗೆ ಜಗಳ ಬೇಡ' ಅಂತಲೂ ಅರ್ಥ ಇದೆ.

ಆ ಗೆರೆಗಳ ಪದ್ಧತಿಗೆ ಬುನಾದಿ ಹಾಕಿದ ಅಕಿರಾ ಯೋಶಿಜಾವಾ (1911–2005) ಕಾಗದವನ್ನು ತುಸು ಒದ್ದೆ ಮಾಡಿ ಮಡಚುತ್ತಿದ್ದರು. ಒದ್ದೆ ಕಾಗದ ಹೇಳಿದಂತೆ ಬಾಗುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಚೌತಿ ಹೊತ್ತಿನ ಸಿರ್ಸಿಯಲ್ಲಿ ನೀರು ಚಿಮುಕಿಸುವ ಕೆಲಸವೇ ಇಲ್ಲ. ಹಪ್ಪಳ, ಪುಸ್ತಕ, ಬೆಂಕಿಪೊಟ್ಟಣ ಎಲ್ಲ ತಾನಾಗಿಯೇ ಮೆತ್ತಗೆ. ಒಣಗುವ ಭಾಗ ಮಾತ್ರ ನಮಗೆ ಅನ್ವಯಿಸುವುದಿಲ್ಲ. ಬೆಳಿಗ್ಗೆ ನೋಡಿದರೆ ನಾಲ್ಕೂ ಮುದುಡಿ ಕೂತಿದ್ದವು. ಒಲೆ ಮೇಲಿನ ಅಟ್ಟದಲ್ಲಿ, ಮುರುಗಲು ಸಿಪ್ಪೆಯ ಬುಟ್ಟಿ ಪಕ್ಕ ಒಣಗಲು ಇಟ್ಟೆ. ಮರೆತೆ.

ಚೌತಿ ಹಿಂದಿನ ದಿನ ಊಟಕ್ಕೆ ಮುರುಗಲು ಸಾರು. "ಈ ಸಲ ಬಣ್ಣ ಎಷ್ಟು ಚಂದ ಬಿಟ್ಟಿದ್ದು ನೋಡು!" ಆಯಿಗೆ ಹೆಮ್ಮೆ. ಅಪ್ಪಯ್ಯ ಎರಡು ಸಲ ಬಡಿಸಿಕೊಂಡ. ಆಮೇಲೆ ಅನ್ನದೊಳಗಿನ ಒಂದು ಸಿಪ್ಪೆಯನ್ನು ಬಾಳೆ ಎಲೆಯ ಅಂಚಿಗೆ ಎಳೆದು, ಬೆರಳಲ್ಲಿ ಬಿಡಿಸತೊಡಗಿದ. ಒಂದು ಪದರ. ಇನ್ನೊಂದು ಪದರ. ಕೊನೆಗೆ ಎಲೆಯ ಮೇಲೆ ಪೂರ್ತಿ ಚೌಕ ಹರಡಿಕೊಂಡಿತು. ಬೆಟ್ಟ ಎಲ್ಲಿ, ಕಣಿವೆ ಎಲ್ಲಿ, ಈಗ ಸ್ಪಷ್ಟವಾಗಿ ಕಾಣುತ್ತಿತ್ತು.

ಅಪ್ಪಯ್ಯ ಒಮ್ಮೆ ನನ್ನನ್ನು ನೋಡಿದ, ಒಮ್ಮೆ ಆಯಿಯನ್ನು.

"ಸಾರು ಅಡ್ಡಿಲ್ಲೆ," ಅಂದ.