ಸತ್ಯಾಂಶ: ಕೈಕಾಲು ಸರಿಯಿದ್ದರೆ ಕಾರ್ಡು ನಕಲಿಯೇ?

ಬಸ್ಸಿನ ಸೀಟು ಮತ್ತು ಅಂಗವಿಕಲರ ಗುರುತಿನ ಕಾರ್ಡಿನ ಬಗ್ಗೆ “ಕೈಕಾಲು ಸರಿಯಿದ್ದವರು ಅಂಗವಿಕಲರ ಸೀಟಿನಲ್ಲಿ ಕೂತರೆ ಎಬ್ಬಿಸಿ, ಅವರ ಕಾರ್ಡು ನಕಲಿ” ಎಂಬ ಸಂದೇಶ ಮಂಗಳೂರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಂಗವಿಕಲರಿಗಾಗಿ ಇದ್ದ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು. ಅದರ ಬದಲಿಗೆ ಬಂದ 2016ರ ಕಾಯ್ದೆಯಲ್ಲಿ 21. ಈ 21ರಲ್ಲಿ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ, ಪಾರ್ಕಿನ್ಸನ್ ಎಂಬ ನರರೋಗ, ಮಾನಸಿಕ ಕಾಯಿಲೆಗಳೂ ಸೇರಿವೆ. ಅದೇ ಪಟ್ಟಿಯಲ್ಲಿರುವ ಹಿಮೋಫಿಲಿಯಾವನ್ನೇ ನೋಡಿ. ಈ ಕಾಯಿಲೆಯಿರುವ ಹುಡುಗ ಗಟ್ಟಿಮುಟ್ಟಾಗಿಯೇ ಕಾಣುತ್ತಾನೆ. ಆದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದೆ ಮೊಣಕಾಲಿನ ಒಳಗೇ ಮತ್ತೆ ಮತ್ತೆ ಸ್ರಾವವಾಗಿ ಕೀಲು ಹಾಳಾಗುತ್ತದೆ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಸುರತ್ಕಲ್‌ವರೆಗೆ ನೂಕುನುಗ್ಗಲಿನಲ್ಲಿ ನಿಲ್ಲುವುದು, ನಡುವೆ ಬ್ರೇಕು ಬಿದ್ದಾಗ ಕಂಬಿಗೆ ಬಡಿದುಕೊಳ್ಳುವುದು ಅವನಿಗೆ ನಿಜಕ್ಕೂ ಅಪಾಯ. ಇಂಥವನನ್ನು ಎಲ್ಲರೆದುರು ಎಬ್ಬಿಸುವುದು ಕ್ರೌರ್ಯ.

ಕಾರ್ಡು ಸಿಗುವುದು ಸರ್ಕಾರಿ ವೈದ್ಯರು ಪರೀಕ್ಷಿಸಿದ ಮೇಲೆ. ಕಂಡಕ್ಟರ್ ಕೇಳಿದರೆ ಅದನ್ನು ತೋರಿಸಿದರಾಯಿತು; ಸಹಪ್ರಯಾಣಿಕರಿಗೆ ತನ್ನ ರೋಗದ ಕಥೆ ಹೇಳಬೇಕಿಲ್ಲ.